ಹೊಯಿಗೆಪದವಿನ ಮಾಳಿಗೆ ಮನೆ

ಕಡಲ ದಂಡೆಯಲ್ಲಿ ಮಣ್ಣಿನ ಮಾಳಿಗೆ ಕಟ್ಟಿದವನನ್ನು ನೀವು ಕಂಡಿದ್ದೀರಾ? ಹೊಯಿಗೆಪದವಿನವರು ಕಂಡಿದ್ದಾರೆ. ಕಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಾರೆ. ನಕ್ಕವರೇ ಆಮೇಲೆ ಚಾಪೆ ಹಿಡಿದು ಅದೇ ಮಾಳಿಗೆ ಏರಿದರು, ಅದು ಬೇರೆ ಮಾತು.

ಕಟ್ಟಿದವನ ಹೆಸರು ಅಮಸಿದ್ದ. ಇಂಡಿ ತಾಲೂಕಿನ ಅಗರಖೇಡದವನು. ಮಂಗಳೂರಿನ ಬಡಗಲಿಗೆ ಹೊಸ ಬಂದರು ಕಟ್ಟುವಾಗ ಕಲ್ಲು ಹೊರಲು ಬಂದವನು, ಎಪ್ಪತ್ತೈದನೇ ಇಸವಿಯ ಹೊತ್ತಿಗೆ ಇಪ್ಪತ್ತು ಆಳುಗಳ ಮುಕಾದಮನಾಗಿದ್ದ. ಬಂದರಿನ ಬಗಲಿಗೇ ಹೊಯಿಗೆಪದವು ಬೆಳೆಯುತ್ತಿತ್ತು. ಬೆಳೆಯುವುದೆಂದರೆ ಹಾಗೆ ಹೀಗೆ ಅಲ್ಲ. ನಿನ್ನೆ ಗೇರುಪೊದೆ ಇದ್ದಲ್ಲಿ ಇವತ್ತು ಪಾಯ, ನಾಳೆ ಗೋಡೆ, ನಾಡಿದ್ದು ಅಂಗಳದಲ್ಲಿ ಬಟ್ಟೆ ಒಣಹಾಕುವ ಹೆಂಗಸು. ಬ್ಯಾಂಕಿನ ಗುಮಾಸ್ತ, ಹಡಗಿನ ಕೂಲಿ, ಮೀನು ಮಾರುವವಳು, ಶಾಲೆಯ ಮಾಸ್ತರ, ಎಲ್ಲರದೂ ಒಂದೇ ನಮೂನೆ ಮನೆ: ಕೆಂಪು ಕಲ್ಲಿನ ಗೋಡೆ, ಇಳಿಜಾರು ಹೆಂಚು. ಅಮಸಿದ್ದನದೊಂದೇ ಚಪ್ಪಟೆ ಮಣ್ಣಿನ ಸೂರು.

ಅವನಿಗೇನು ತಲೆ ಕೆಟ್ಟಿರಲಿಲ್ಲ. ಹೆಂಡತಿಯ ಷರತ್ತು ಹಾಗಿತ್ತು. ಹೆಂಡತಿ ಸುಂದರವ್ವ ಅವನ ಸೋದರತ್ತೆಯ ಮಗಳು, ಸಣ್ಣಂದಿನಿಂದ ಕೂಡಿ ಆಡಿದವಳು, ಅವನ ಜೀವ. ಮದುವೆಯಾದ ವರ್ಷ ಅವಳನ್ನು ಬಂದರಿನ ತಗಡಿನ ಶೆಡ್ಡಿಗೆ ಕರೆತಂದಿದ್ದ. ಒಂಬತ್ತು ದಿನ ಇದ್ದಳು. ಹತ್ತನೇ ದಿನ ಟ್ರಂಕು ಕಟ್ಟಿದಳು.

"ಮಲಗಿ ಮ್ಯಾಲ ನೋಡಿದ್ರ ತಗಡು, ಎದ್ದು ಮ್ಯಾಲ ನೋಡಿದ್ರ ತಗಡು. ನಾ ಏನ ಡಬ್ಬಿಯೊಳಗಿನ ಶೇಂಗಾ ಏನು? ಏರಿ ಕುಂದ್ರಾಕ ಒಂದು ಮಾಳಗಿ ಇಲ್ಲದ ಊರಾಗ ನಾ ಇರೂದಿಲ್ಲ. ಮಾಳಗಿ ಮನಿ ಕಟ್ಟು, ಬರ್ತೇನಿ."

ಅಂದವಳೇ ಹೋದಳು. ಮೂರು ವರ್ಷ ಬರಲಿಲ್ಲ. ಅಮಸಿದ್ದ ಮೂರು ವರ್ಷ ಒಂಟಿಯಾಗಿ ಸುಟ್ಟ ರೊಟ್ಟಿ ತಿಂದ, ಮೂರು ಸೆಂಟು ಜಾಗ ಹಿಡಿದ, ಮಾಳಿಗೆ ಎಬ್ಬಿಸಿಯೇ ಬಿಟ್ಟ. ತೆಂಗಿನ ತೊಲೆ, ಅದರ ಮೇಲೆ ಬಿದಿರು, ಸೊಪ್ಪು, ಆಮೇಲೆ ಒಂದು ಮೊಳ ಮಣ್ಣು. ಎಲ್ಲಕ್ಕಿಂತ ಮೇಲೆ ಹಾಕಲು, ನೀರು ಹಿಡಿಯದ ಬಿಳಿ ಮಣ್ಣನ್ನು ಊರಿನಿಂದಲೇ ತರಿಸಿದ. ತಂದವನು ಮುದ್ದೇಬಿಹಾಳದ ಅಬ್ದುಲರಜಾಕ, ಉಳ್ಳಾಗಡ್ಡಿ ಹೇರಿಕೊಂಡು ತಿಂಗಳಿಗೊಮ್ಮೆ ಕಡಲಿಗಿಳಿಯುವ ಲಾರಿಯವನು.

ಪಕ್ಕದ ಮನೆಯ ದೇಜಕ್ಕ ಮೀನಿನ ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಯಿಟ್ಟು ಆ ಮಾಳಿಗೆಯನ್ನು ನೋಡಿದಳು.

"ಅಮಸಿದ್ದಣ್ಣ, ಇಲ್ಲಿ ಮಳೆ ಅಂದ್ರೆ ಎಂತ ಅಂತ ಗೊತ್ತುಂಟಾ ನಿಮಗೆ?"

"ನಮ್ಮ ಕಡೆನೂ ಮಳಿ ಬರ್ತೈತ್ರಿ ಅಕ್ಕಾರ. ಹ್ವಾದ ವರ್ಷ ಹಸ್ತಾ ಮಳಿ ಎರಡು ದಿನ ಬಿಡಲಾರದ ಹೊಡದೈತಿ."

"ಎರಡು ದಿನವಾ," ಎಂದು ದೇಜಕ್ಕ ನಗು ತಡೆಯಲಾಗದೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಐದು ವರ್ಷ ಕಡಲ ದಂಡೆಯಲ್ಲಿದ್ದೂ ಮಳೆ ಗೊತ್ತಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿರಲಿಲ್ಲ, ನೋಡಿ. ಮಳೆಗಾಲದಲ್ಲಿ ಬಂದರಿನ ಕಲ್ಲಿನ ಕೆಲಸ ನಿಲ್ಲುತ್ತಿತ್ತು. ಇಂಡಿ, ಸಿಂದಗಿ ಕಡೆಯ ಆಳುಗಳೆಲ್ಲ ಮೇ ಕಡೆಗೆ ಗಂಟು ಕಟ್ಟಿ ಊರಿಗೆ ಬಿತ್ತಲು ಹೋದರೆ, ತಿರುಗಿ ಬರುವುದು ಮಹಾನವಮಿ ಕಳೆದ ಮೇಲೆ. ಬರುವ ಹೊತ್ತಿಗೆ ಇಲ್ಲಿಯ ಆಕಾಶ ತೊಳೆದಿಟ್ಟ ಪರಾತದ ಹಾಗೆ ಥಳಥಳ. ಐದು ವರ್ಷದಲ್ಲಿ ಅವನು ಇಲ್ಲಿ ಕಂಡದ್ದು ಬಿಸಿಲು ಮಾತ್ರ. ಈ ವರ್ಷ ಗೋದಾಮಿನಲ್ಲಿ ಕಾಯಂ ಕೆಲಸ ಸಿಕ್ಕಿ, ಮೊದಲ ಸಲ ಮಳೆಗಾಲಕ್ಕೆ ಇಲ್ಲೇ ನಿಲ್ಲುವವನಿದ್ದ.

ಶಿವರಾತ್ರಿ ಮುಗಿದ ವಾರ ಸುಂದರವ್ವ ಅಬ್ದುಲರಜಾಕನ ಲಾರಿಯಲ್ಲಿ ಬಂದಿಳಿದಳು. ಮನೆಯೊಳಗೆ ಕಾಲಿಡುವ ಮೊದಲು ಏಣಿ ಹತ್ತಿದಳು. ಮಾಳಿಗೆಯ ಮೂಲೆ ಮೂಲೆ ತಿರುಗಿ ಹಿಮ್ಮಡಿಯಿಂದ ಗುದ್ದಿ ನೋಡಿದಳು. ಕೆಳಗೆ ಅಮಸಿದ್ದ ಎರಡೂ ಕೈಯಿಂದ ಏಣಿ ಹಿಡಿದು ನಿಂತಿದ್ದ.

"ಚಲೋ ಐತಿ," ಅಂದಳು. ಅವನು ಉಸಿರು ಬಿಡುವಷ್ಟರಲ್ಲಿ ಸೇರಿಸಿದಳು: "ಆದ್ರ ಮಳಿಗಾಲ ನೋಡತೇನಿ. ಸೋರಿತಂದ್ರ ಮೊದಲನೇ ಲಾರಿಗೆ ನಾ ಹೊಂಟೆ. ಆಮ್ಯಾಲ ನೀ ಕೈಮುಗದ್ರೂ ಬರೂದಿಲ್ಲ."

ಸುಂದರವ್ವ ಆಡಿದರೆ ಆಡಿದ್ದೇ. ಅದು ಅಗರಖೇಡಕ್ಕೆಲ್ಲ ಗೊತ್ತಿದ್ದ ಸಂಗತಿ.

ಬೇಸಿಗೆ ಮಾತ್ರ ಹಬ್ಬದ ಹಾಗೆ ಕಳೆಯಿತು. ಇಳಿಜಾರು ಹೆಂಚಿನ ಊರಿನಲ್ಲಿ ಒಂದು ಹಪ್ಪಳ ಒಣಗಿಸಬೇಕೆಂದರೆ ಅಂಗಳದಲ್ಲಿ ಕಾಗೆ, ನಾಯಿ, ಕೋಳಿಗಳ ಜೊತೆ ಯುದ್ಧ ಮಾಡಬೇಕು. ಮೊದಲು ದೇಜಕ್ಕ ಬಂದಳು, ಹಲಸಿನ ಹಪ್ಪಳದ ಚಾಪೆ ಹಿಡಿದು. ಮರುದಿನ ಒಣಮೀನು ತಂದಳು.

"ಅದನ್ನ ಆ ಮೂಲ್ಯಾಗ ಇಡ್ರಿ, ಗಾಳಿ ಆಚೀಕಡೆ ಹೊಂಟೈತಿ," ಎಂದು ಸುಂದರವ್ವ ಮೂಗಿಗೆ ಸೆರಗು ಹಿಡಿದೇ ಜಾಗ ತೋರಿಸಿದಳು. ಹದಿನೈದು ದಿನ ಕಳೆದ ಮೇಲೆ ಅದೇ ಮೀನನ್ನು ಖಾರ ಹಚ್ಚಿ ಸುಟ್ಟು ರೊಟ್ಟಿಯ ಜೊತೆ ತಿನ್ನುತ್ತಿದ್ದಳು.

ಬ್ಯಾಂಕಿನ ಗುಮಾಸ್ತನ ಹೆಂಡತಿ ಸಂಡಿಗೆ ತಂದಳು. ಮಾಸ್ತರರ ತಾಯಿ ಮಾವಿನ ಹೋಳು ತಂದರು. ಸಂಜೆಯಾದರೆ ಒಣಗಿದ್ದನ್ನು ಎತ್ತುವ ನೆಪದಲ್ಲಿ ಏರಿದವರು ಕಡಲಗಾಳಿಗೆ ಕೂತು, ದೂರದ ಹಡಗು ನೋಡುತ್ತ, ಕತ್ತಲಾಗುವವರೆಗೆ ಇಳಿಯುತ್ತಿರಲಿಲ್ಲ. ಅಂಚೆಯವನಂತೂ ಮನೆ ಮನೆ ತಿರುಗುವುದನ್ನೇ ಬಿಟ್ಟ. ಮಾಳಿಗೆಯ ಕೆಳಗೆ ನಿಂತು ಹೆಸರು ಕೂಗಿದರೆ ಕಾಗದ ಇಸಿದುಕೊಳ್ಳುವವರು ಮೇಲಿನಿಂದ ಕೈ ಚಾಚುತ್ತಿದ್ದರು. ಅಮಸಿದ್ದ ಸ್ವಂತ ಮಾಳಿಗೆಯಲ್ಲಿ ಕೂರಲು ಜಾಗ ಸಿಗದೆ ಏಣಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವನಿಗೆ ಅದೇ ಸುಖ. ಮೇಲೆ ಸುಂದರವ್ವನ ನಗು ಕೇಳುತ್ತಿತ್ತಲ್ಲ.

ಜೂನ್ ಮೊದಲ ವಾರ ಒಂದು ಗಂಟೆ ಮಳೆ ಹೊಡೆಯಿತು. ಮಾಳಿಗೆ ಒಂದು ಹನಿ ಸೋರಲಿಲ್ಲ. ಅಮಸಿದ್ದ ಮೀಸೆ ತಿರುವುತ್ತ ದೇಜಕ್ಕನ ಅಂಗಳಕ್ಕೆ ಹೋದ.

"ನೋಡಿದ್ರೇನ್ರಿ ಅಕ್ಕಾರ?"

"ಇದು ಮಳೆ ಅಲ್ಲ ಮಾರಾಯ," ಎಂದಳು ದೇಜಕ್ಕ. "ಮಳೆ ಬರ್ತದೆ ಅಂತ ಹೇಳ್ಲಿಕ್ಕೆ ಬಂದದ್ದು."

ಗುರುವಾರ ನಿಜವಾದ ಮಳೆ ಶುರುವಾಯಿತು. ಶುಕ್ರವಾರ ನಿಲ್ಲಲಿಲ್ಲ. ಶನಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ಮೊದಲ ಹನಿ ಬಿತ್ತು. ಅಮಸಿದ್ದ ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕಾಣದಂತೆ ಅದರಡಿಗೆ ಚರಿಗೆ ಇಟ್ಟ. ಟಣ್ ಟಣ್ ಸದ್ದಾಗತೊಡಗಿದಾಗ ಚರಿಗೆಯೊಳಗೆ ತನ್ನ ಟವೆಲು ತುರುಕಿದ. ಇನ್ನೊಂದು ಹನಿಗೆ ತಪೇಲಿ, ಅದರೊಳಗೆ ಅಂಗಿ. ಮೂರನೆಯದಕ್ಕೆ ಪರಾತ, ಅದರೊಳಗೆ ಧೋತರ. ಸುಂದರವ್ವ ಹೊರಗೆ ಬಂದಾಗ ಗಂಡ ಬರೀ ಚಡ್ಡಿಯಲ್ಲಿ ಪಾತ್ರೆಗಳ ನಡುವೆ ನಿಂತಿದ್ದ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮೇಲೆ ನೋಡಿದಳು, ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿದಳು, ಏಣಿ ಏರಿದಳು. ಊರಲ್ಲಿ ಮಾಳಿಗೆ ಸೋರಿದರೆ ಮಾಡುವುದೇ ಹಾಗೆ. ಏರಿ, ತೂತು ಹುಡುಕಿ, ಮಣ್ಣು ಒತ್ತಿ, ಕಾಲಿಂದ ತುಳಿಯಬೇಕು. ಆದರೆ ಇಲ್ಲಿ ತುಳಿದರೆ ಕಾಲು ಹರಡಿನ ಗಂಟಿನವರೆಗೆ ಇಳಿಯಿತು. ಮಣ್ಣೆಲ್ಲ ಅಂಬಲಿಯಾಗಿತ್ತು. ಬೆನ್ನ ಹಿಂದೆ ಏರಿದ ಅಮಸಿದ್ದನಿಗೆ ಅಳು ಬಂತು. ಮಳೆಯಲ್ಲಿ ಅದು ಯಾರಿಗೆ ಕಾಣಬೇಕು.

"ಸುಂದ್ರಿ, ನನ್ನ ತಪ್ಪಾತು," ಎಂದ.

"ಮಾತಾಡಬ್ಯಾಡ. ತುಳಿ," ಎಂದಳು ಅವಳು.

ತನ್ನ ಜಗಲಿಯಿಂದ ದೇಜಕ್ಕ ನೋಡಿದಳು. ಗಂಡಹೆಂಡತಿ ಇಬ್ಬರೂ ಸುರಿಯುವ ಮಳೆಯಲ್ಲಿ ಮಾಳಿಗೆಯ ಮೇಲೆ ಧಪಧಪ ತುಳಿಯುತ್ತಿದ್ದಾರೆ. "ಇವರಿಗೆ ಮರ್ಲು," ಎಂದು ಗೊಣಗಿ, ಕೊಡೆಯನ್ನೂ ಹಿಡಿಯದೆ ಬೀದಿಗಿಳಿದಳು.

ಅರ್ಧ ಗಂಟೆಯೊಳಗೆ ಹೆಣೆದ ತೆಂಗಿನ ಮಡಲಿನ ಹೊರೆಗಳು ಬಂದವು. ಬಿದಿರು ಬಂತು, ಹಗ್ಗ ಬಂತು. ಬ್ಯಾಂಕಿನ ಗುಮಾಸ್ತ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಿದಿರಿನ ಗಳ ಹಿಡಿದು ಬಂದ. ಮಾಸ್ತರರು ಪಂಚೆ ಎತ್ತಿ ಕಟ್ಟಿ ಬಂದರು. ಕಾಗದದ ಚೀಲವನ್ನು ದೇಜಕ್ಕನ ಮನೆಯಲ್ಲಿಟ್ಟು ಅಂಚೆಯವನೂ ಏರಿದ.

"ನಿಮಗ್ಯಾಕ್ರಿ ತ್ರಾಸು," ಎಂದು ಅಮಸಿದ್ದ ನಾಚಿಕೆಯಿಂದ ನೆಲ ನೋಡಿದ.

"ಇದು ಬಿದ್ದು ಹೋದ್ರೆ ಬರುವ ವರ್ಷ ನಮ್ಮ ಹಪ್ಪಳ ನಿಮ್ಮ ತಲೆ ಮೇಲೆ ಒಣಗಿಸುದಾ?" ಎಂದಳು ದೇಜಕ್ಕ. "ಸುಮ್ಮನೆ ಆ ಹಗ್ಗ ಹಿಡಿಯಿರಿ."

ಮಧ್ಯಾಹ್ನದ ಹೊತ್ತಿಗೆ ಮಾಳಿಗೆಯ ಮೇಲೊಂದು ಇಳಿಜಾರು ಮಡಲಿನ ಚಪ್ಪರ ನಿಂತಿತ್ತು. ನೋಡಲು ತಲೆಗೆ ಪಟಗ ಸುತ್ತಿದವನು ಮೇಲೊಂದು ಟೊಪ್ಪಿಗೆ ಇಟ್ಟಂತಿತ್ತು. ಒಳಗೆ ಒಂದೂ ಹನಿ ಬೀಳಲಿಲ್ಲ. ಬಂದವರಿಗೆಲ್ಲ ಸುಂದರವ್ವ ಬಿಸಿ ರೊಟ್ಟಿ ಬಡಿದಳು. ಗಂಡನ ಜೊತೆ ಮಾತ್ರ ಮಾತಾಡಲಿಲ್ಲ.

ಭಾನುವಾರ ಲಾರಿ ಬಂತು. ಅಬ್ದುಲರಜಾಕ ಬಾಗಿಲಲ್ಲಿ ನಿಲ್ಲಿಸಿ ಹಾರ್ನ್ ಹೊಡೆದ. ಸುಂದರವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಅಮಸಿದ್ದನೇ ಎದ್ದ. ಅವಳ ಸೀರೆಗಳನ್ನು ಮಡಚಿ ಟ್ರಂಕಿಗಿಟ್ಟ, ಹೆಗಲಿಗೇರಿಸಿದ.

"ಮಾತಂದ್ರ ಮಾತು. ಮನಿ ಸೋರಿತು. ನಾ ನಿನ್ನ ತಡಿಯೂದಿಲ್ಲ. ಆದ್ರ ನೀ ಹ್ವಾದ್ರ ನನಗ ಭಾಳ ಕೆಟ್ಟನಸ್ತೈತಿ, ಅಷ್ಟು ಹೇಳತೇನಿ."

ಸುಂದರವ್ವ ಹೊಸ್ತಿಲಿಗೆ ಬಂದು ನಿಂತಳು. ಹೊರಗೆ ಮಳೆ ಹೊಡೆಯುತ್ತಲೇ ಇತ್ತು.

"ನಮ್ಮಪ್ಪ ತೀರಿ ಹ್ವಾದಾಗ ನನಗ ಎಂಟು ವರ್ಷ," ಅಂದಳು. "ಅವತ್ತಿಂದ ಅಗರಖೇಡದಾಗ ಮಾಳಗಿ ಸೋರಿದ್ರ ನಾನೂ ನಮ್ಮವ್ವನೂ ಇಬ್ಬರ ಏರೂದು. ನಿಮ್ಮ ಮನಿ ಊರ ಆಚೀಕಡೆ. ನಮ್ಮ ಓಣಿ ತುಂಬ ಮಂದಿ ಇದ್ರು. ಒಬ್ಬರರ ಏಣಿ ಹಿಡದಿಲ್ಲ. ನಿನ್ನೆ ಎಷ್ಟು ಮಂದಿ ಏರಿದ್ರು, ಎಣಿಸಿದ್ಯಾ?"

"ಇಲ್ಲ," ಎಂದ ಅಮಸಿದ್ದ, ಟ್ರಂಕು ಹೊತ್ತುಕೊಂಡೇ.

"ನಾ ಎಣಿಸೇನಿ. ಹನ್ನೊಂದು ಮಂದಿ." ಅವಳು ಮಾಳಿಗೆಯ ಕಡೆ ಕತ್ತೆತ್ತಿದಳು. "ನಮ್ಮವ್ವನ್ನೂ ಇಲ್ಲಿಗೇ ಕರಸೋಣು. ಟ್ರಂಕ ಇಳಸು."

ಅವನಿಗೆ ಇಳಿಸಲು ತಿಳಿಯಲಿಲ್ಲ, ನಗಲು ತಿಳಿಯಲಿಲ್ಲ, ಮಳೆ ನೋಡುತ್ತ ನಿಂತೇ ಇದ್ದ. ಕಡೆಗೆ ಅಬ್ದುಲರಜಾಕನೇ ಇಳಿದು ಬಂದು ಅವನ ಹೆಗಲಿಂದ ಟ್ರಂಕು ತೆಗೆದು ಒಳಗಿಟ್ಟ. ಸುಂದರವ್ವ ಲಾರಿಯವನನ್ನು ರೊಟ್ಟಿಗೆ ಕೂರಿಸಿ, ಊರಿಗೆ ಹೋದಾಗ ಅವ್ವನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಹೇಳಿಕೊಡತೊಡಗಿದಳು.