ಚೌಕಟ್ಟಿನ ಮೇಲೊಂದು ಗೀಟು

ಬಸ್ಸಮ್ಮ ಬಿದ್ದದ್ದು ಬಸ್ಸಿನ ಕೊನೆಯ ಮೆಟ್ಟಿಲಿನಿಂದ. ಮೇಲಿನ ಮೆಟ್ಟಿಲಿನಿಂದ ಬಿದ್ದಿದ್ದರೆ ಹೇಳಿಕೊಳ್ಳುವುದಕ್ಕಾದರೂ ಒಂದು ಗತ್ತು ಇರುತ್ತಿತ್ತು. ಶಾಲೆಯ ಬಸ್ಸನ್ನು ಇಷ್ಟು ವರ್ಷ ಓಡಿಸಿ, ಇಳಿಜಾರು, ಮಂಜು, ದಿಢೀರನೆ ಅಡ್ಡ ಬರುವ ನಾಯಿ ಎಲ್ಲವನ್ನೂ ನಿಭಾಯಿಸಿದವಳು, ನಿಂತ ಬಸ್ಸಿನಿಂದ, ಯಾವುದೋ ಮಗು ಮರೆತುಹೋದ ನೀರಿನ ಬಾಟಲಿ ಕೈಯಲ್ಲಿ ಹಿಡಿದು ಇಳಿಯುವಾಗ ಪಾದ ಹೊರಳಿಸಿಕೊಂಡಳು. ಅದೂ ಬಲಗಾಲು, ಬ್ರೇಕ್ ಒತ್ತುವ ಕಾಲು. ಬಸ್ಸಮ್ಮ ಎಂಬುದು ಮಕ್ಕಳು ಇಟ್ಟ ಹೆಸರು. ಈಗ ನೆರೆಹೊರೆಯವರೂ ಹಾಗೇ ಕರೆಯುತ್ತಿದ್ದರು, ಅವಳಿಗೂ ಅದೇ ರೂಢಿಯಾಗಿತ್ತು.

ಆಸ್ಪತ್ರೆಯಲ್ಲಿ ಪಾದದ ಕೀಲಿನ ಬಳಿ ಮುರಿದ ಮೂಳೆಗೆ ಲೋಹದ ಪಟ್ಟಿ ಇಟ್ಟು ಸ್ಕ್ರೂ ಹೊಡೆದರು. ಅವಳ ಗಂಡ ಬಡಗಿ. ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತುಂಬ ಹೊತ್ತು ನೋಡಿ, "ಪರವಾಗಿಲ್ಲ, ನೇರವಾಗೇ ಹೊಡ್ದಿದಾರೆ" ಎಂದ. ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಬಸ್ಸಮ್ಮನಿಗೆ ಆ ನೋವಿನಲ್ಲೂ ನಗು ತಡೆಯಲಾಗಲಿಲ್ಲ.

ಆಸ್ಪತ್ರೆಯವರು ಕೊಟ್ಟ ಅಲ್ಯೂಮಿನಿಯಂ ಊರುಗೋಲುಗಳು ಮಾತ್ರ ಅವನ ಪರೀಕ್ಷೆಯಲ್ಲಿ ಪಾಸಾಗಲಿಲ್ಲ.

"ಇದೇನೇ ಇದು, ಬಟ್ಟೆ ಒಣಗಿಸೋ ಕೊಳವೆ ಇದ್ದ ಹಾಗಿದೆ! ಮೈತುಂಬ ತೂತು. ಗುಂಡಿ ಒತ್ತಿದ್ರೆ ಉದ್ದ, ಇನ್ನೊಂದ್ಸಲ ಒತ್ತಿದ್ರೆ ಗಿಡ್ಡ. ತನ್ನ ಅಳತೆ ತನಗೇ ಗೊತ್ತಿಲ್ಲ ಇದಕ್ಕೆ. ನಾನು ಗಟ್ಟಿಮುಟ್ಟಾಗಿರೋವಾಗ ನೀನು ಇದರ ಮೇಲೆ ನಡೀಬೇಕಾ?"

"ನಡೆಯೋಕೆ ಏನಾದ್ರೆ ಏನ್ರೀ?"

"ಏನಾದ್ರೆ ಏನು ಅಂದ್ರೆ? ನೋಡಿದೋರು ಬಡಗಿ ಹೆಂಡ್ತಿ ಅಂತಾರಾ ನಿನ್ನ?"

ಮನೆಯ ಹಿಂದೆ, ಅಂಗಳ ದಾಟಿದರೆ ಅವನ ಕಾರ್ಖಾನೆ. ಕಾರ್ಖಾನೆ ಎಂದು ಅವನೊಬ್ಬನೇ ಕರೆಯುತ್ತಿದ್ದ, ಉಳಿದವರ ಕಣ್ಣಿಗೆ ಅದು ತಗಡಿನ ಕೊಟ್ಟಿಗೆ. ಅಲ್ಲಿ ಬಾಗಿಲು ಹಾಕಿಕೊಂಡು ಊರುಗೋಲು ಮಾಡಲು ಕೂತ. ಅವಳು ಮಂಚದಿಂದ, "ಅಳತೆ ತಗೊಳ್ಳಲ್ವಾ?" ಎಂದು ಕೂಗಿದ್ದಕ್ಕೆ, "ನಿನ್ನ ಅಳತೆ ನನಗೆ ಗೊತ್ತಿಲ್ವೇನೇ?" ಎಂದು ಅಲ್ಲಿಂದಲೇ ಕೂಗಿದ.

ಅವನಿಗೆ ಗೊತ್ತಿದ್ದದ್ದು ಕಾರ್ಖಾನೆಯ ಬಾಗಿಲಿನ ಚೌಕಟ್ಟಿನ ಮೇಲಿದ್ದ ಒಂದು ಗೀಟು. ಮದುವೆಯಾದ ಹೊಸತರಲ್ಲಿ, ಇಬ್ಬರಲ್ಲಿ ಯಾರು ಎತ್ತರ ಎಂದು ಜಗಳವಾಗಿ, ಚೌಕಟ್ಟಿಗೆ ಬೆನ್ನು ಕೊಟ್ಟು ಒಬ್ಬರಾದ ಮೇಲೊಬ್ಬರು ನಿಂತು, ತಲೆಯ ಮೇಲೆ ಮಟ್ಟಪಟ್ಟಿ ಇಟ್ಟು ಗೆರೆ ಎಳೆದಿದ್ದರು. ಎರಡು ಗೆರೆಯೂ ಒಂದರ ಮೇಲೊಂದು ಕೂತು ಒಂದೇ ಆಗಿತ್ತು. ಕಪಾಟು ಮಾಡಿಸಲು ಬಂದವರಿಗೆಲ್ಲ ಅವನು ಆ ಗೀಟನ್ನು ತೋರಿಸುತ್ತಿದ್ದ. "ನಮ್ಮಿಬ್ಬರದೂ ಒಂದೇ" ಎನ್ನುತ್ತಿದ್ದ. ಮರದ ಮೇಲೆ ಎಳೆದ ಗೆರೆಯನ್ನು ನಂಬುವುದು ಬಡಗಿಗಳ ಸ್ವಭಾವ. ಅವನು ಆ ಗೀಟಿನಿಂದ ನೆಲದವರೆಗೆ ಟೇಪು ಹಿಡಿದು, ಲೆಕ್ಕ ಹಾಕಿ, ಮರ ಕತ್ತರಿಸಿದ.

ಊರುಗೋಲುಗಳು ಬಂದಾಗ ನೋಡಿದವರು ಬಾಯಿಬಿಟ್ಟರು. ಮೂಲೆ ಎಂಬುದೇ ಇಲ್ಲದ ಹಾಗೆ ನುಣ್ಣಗೆ ಉಜ್ಜಿದ್ದ. ಕಂಕುಳಿನ ಕೆಳಗೆ ಬರುವ ಕಡೆ ದಪ್ಪ ಬಟ್ಟೆಯ ಮೆತ್ತೆ, ತುದಿಗೆ ಹೊಸ ರಬ್ಬರು. ಕೈ ಹಿಡಿಯುವ ಕಡೆ ಕಪ್ಪು ದಾರ ಬಿಗಿಯಾಗಿ ಸುತ್ತಿದ್ದ. ಅವಳು ಹಿಡಿದು ನೋಡಿದಳು. ಬೆರಳುಗಳಿಗೆ ಪರಿಚಯದ ಹಿಡಿತ. ಅವಳ ಬಸ್ಸಿನ ಸ್ಟೇರಿಂಗಿಗೆ ಸುತ್ತಿದ್ದದ್ದು ಇದೇ ದಾರ. ಎಲ್ಲಿ ಹುಡುಕಿ ತಂದನೋ. ಆ ಮಧ್ಯಾಹ್ನವೇ ಅವನು ಅಲ್ಯೂಮಿನಿಯಂ ಜೋಡಿಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಹಿಂತಿರುಗಿಸಿ ಬಂದ.

ಕಾಲು ಮುರಿದರೆ ಕಾಲು ಹೋಗುತ್ತದೆ ಎಂದುಕೊಂಡಿದ್ದಳು ಬಸ್ಸಮ್ಮ. ಹೋದದ್ದು ಕೈ. ಎರಡೂ ಕೈ ಊರುಗೋಲಿನ ಪಾಲಾದ ಮೇಲೆ ಒಂದು ಲೋಟ ಚಹಾ ಅಡುಗೆಮನೆಯಿಂದ ಕಿಟಕಿಯ ತನಕ ತರುವುದು ದೊಡ್ಡ ಸಾಹಸವಾಯಿತು. ಮೊದಲು ಒಲೆಯ ಪಕ್ಕವೇ ನಿಂತು ಕುಡಿದಳು. ಆಮೇಲೆ ಲೋಟವನ್ನು ಕಟ್ಟೆಯಿಂದ ಮೇಜಿಗೆ, ಮೇಜಿನಿಂದ ಫ್ರಿಜ್ಜಿನ ಮೇಲಕ್ಕೆ, ಅಲ್ಲಿಂದ ಸ್ಟೂಲಿಗೆ ದಾಟಿಸುತ್ತ ತಾನೂ ಹಿಂದೆ ಹೋಗುವುದನ್ನು ಕಲಿತಳು. ಕಿಟಕಿ ಮುಟ್ಟುವ ಹೊತ್ತಿಗೆ ಚಹಾ ತಣ್ಣಗಾಗಿರುತ್ತಿತ್ತು. ಕೊರಳಿಗೆ ಒಂದು ಬಟ್ಟೆಯ ಚೀಲ ತೂಗುಹಾಕಿಕೊಂಡು ಅದರಲ್ಲಿ ಫೋನು, ಕನ್ನಡಕ, ಬಾಚಣಿಗೆ, ಒಮ್ಮೊಮ್ಮೆ ಎರಡು ಈರುಳ್ಳಿ ಸಾಗಿಸುತ್ತಿದ್ದಳು. ಬಚ್ಚಲಿನಲ್ಲಿ ಕುರ್ಚಿ. ಬಾಗಿಲು ತನ್ನ ಕಡೆಗೆ ಎಳೆದುಕೊಳ್ಳುವಂಥದ್ದಾದರೆ ಅದರ ಎದುರು ನಿಂತು ಬೈಯುವುದಷ್ಟೇ ಉಳಿದಿತ್ತು.

ಇದೆಲ್ಲ ಆಗಬಹುದು. ಕಂಕುಳು ಮಾತ್ರ ಆಗದು. ಅಂಗಳದಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ಎರಡೂ ಕಂಕುಳು ಉರಿಯುತ್ತಿತ್ತು, ಬೆರಳು ಜೋಮು ಹಿಡಿಯುತ್ತಿತ್ತು. ಹೊಸತರಲ್ಲಿ ಎಲ್ಲರಿಗೂ ಹೀಗೇ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಮೊದಲ ದಿನ ಹೇಳಿಕೊಟ್ಟದ್ದು ನೆನಪಿಗೆ ಬಂತು: "ಭಾರ ಕೈ ಮೇಲಿರಬೇಕಮ್ಮ, ಕಂಕುಳಿನ ಮೇಲಲ್ಲ. ಕಂಕುಳಿಗೂ ಕೋಲಿಗೂ ನಡುವೆ ಎರಡು ಬೆರಳು ಹೋಗಬೇಕು." ಬಸ್ಸಮ್ಮ ಕನ್ನಡಿಯ ಮುಂದೆ ನಿಂತು ಬೆರಳು ತೂರಿಸಿ ನೋಡಿದಳು. ಒಂದು ಹಾಳೆ ಕೂಡ ನುಸುಳುವಂತಿರಲಿಲ್ಲ. ಕೋಲು ಉದ್ದವಾಗಿತ್ತು.

ಹೇಳಿದ್ದರೆ ಆಗುತ್ತಿತ್ತು. ಒಂದೇ ಮಾತು. ಆದರೆ ಅವನ ಕೈಕೆಲಸಕ್ಕೆ ಇವತ್ತಿನವರೆಗೆ ಯಾರೂ ಹೆಸರಿಟ್ಟಿರಲಿಲ್ಲ. ಅವನು ಮಾಡಿದ ಒಂದು ಮಣೆ ಕೂಡ ವಾಪಸು ಬಂದದ್ದಿಲ್ಲ. ಈಗ ಹೆಂಡತಿಗಾಗಿ, ನಿದ್ದೆಗೆಟ್ಟು ಮಾಡಿದ್ದನ್ನು ಹೆಂಡತಿಯೇ ವಾಪಸು ಮಾಡುವುದೆ? ಕಪ್ಪು ದಾರದ ಮೇಲೆ ಕೈ ಇಟ್ಟಾಗಲೆಲ್ಲ ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಹಾಗಾಗಿ ಅವನು ನೋಡುತ್ತಿರುವಾಗ ನಾಲ್ಕು ಹೆಜ್ಜೆ ನಡೆದು, "ಚೆನ್ನಾಗಿದೆ ರೀ" ಎನ್ನುವಳು. ಅವನು ಕಾರ್ಖಾನೆಗೆ ಹೋದೊಡನೆ ಕಿಟಕಿಯ ಬಳಿ ಕೂತುಬಿಡುವಳು.

ಕೂತರೆ ಕಾಲು ಕೂಡುತ್ತದೆಯೆ? ಪಾದ ನೆಲಕ್ಕೆ ಊರಿ, ಅರ್ಧ ಭಾರ ಹಾಕಿ ನಡೆದಷ್ಟೂ ಕೀಲು ಸಡಿಲವಾಗಬೇಕಿತ್ತು. ಆಸ್ಪತ್ರೆಯಲ್ಲಿ ನಡೆಸುತ್ತಿದ್ದದ್ದು ಎರಡು ಕಂಬಿಗಳ ನಡುವೆ, ಊರುಗೋಲು ಹೊರಗೆ ಗೋಡೆಗೆ ಒರಗಿರುತ್ತಿತ್ತು. ಆ ಹುಡುಗಿ ಪಾದ ಹಿಡಿದು ಬಾಗಿಸಿ ನೋಡಿ ಹುಬ್ಬು ಗಂಟಿಕ್ಕಿದಳು.

"ಮನೇಲಿ ನಡೀತಿದೀರಾ ಅಮ್ಮ?"

"ಹೂಂ, ನಡೀತಿದೀನಿ."

"ಇದು ಬ್ರೇಕ್ ಒತ್ತೋ ಕಾಲು. ಹೀಗೇ ಬಿಗಿದುಕೊಂಡ್ರೆ ಡಾಕ್ಟರು ಬಸ್ಸು ಓಡಿಸೋಕೆ ಬಿಡಲ್ಲ."

ಅದೇ ವಾರ ಶಾಲೆಯ ಆಫೀಸಿನಿಂದಲೂ ಫೋನು ಬಂತು. ರಜೆ ಮುಗಿಯುವುದರೊಳಗೆ ಕಾಲು ಸರಿಹೋದರೆ ಬಸ್ಸು ನಿಮ್ಮದೇ, ಇಲ್ಲದಿದ್ದರೆ ಬದಲಿ ಡ್ರೈವರನ್ನೇ ಮುಂದುವರಿಸುತ್ತೇವೆ, ಬೇಜಾರು ಮಾಡ್ಕೋಬೇಡಿ ಎಂದರು. ಬೇಜಾರು ಎಂದರೆ ಏನೆಂದು ಅವರಿಗೇನು ಗೊತ್ತು? ಯಾವ ಮಗುವಿಗೆ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ, ಜಗಳವಾಡಿದ ದಿನ ಯಾರು ಯಾವ ಸೀಟಿಗೆ ಹೋಗಿ ಮುಖ ಉಬ್ಬಿಸಿಕೊಂಡು ಕೂರುತ್ತಾರೆ, ಯಾರ ಮನೆಯ ಮುಂದೆ ಒಂದು ಹಾರ್ನು ಸಾಲದು, ಎಲ್ಲ ಅವಳ ತಲೆಯಲ್ಲಿತ್ತು. ಅದನ್ನು ಬದಲಿ ಡ್ರೈವರಿಗೆ ಕೊಡುವುದು ಹೇಗೆ? ಕೊಡಲು ಅವಳಿಗೆ ಮನಸ್ಸೂ ಇರಲಿಲ್ಲ.

ಒಂದು ಬೆಳಿಗ್ಗೆ ಕಾರ್ಖಾನೆಯಿಂದ ಗರಗಸದ ಸದ್ದು ಬರುತ್ತಲೇ ಇತ್ತು. ಯಾರ ಕೆಲಸ ಎಂದು ಕೇಳಿದ್ದಕ್ಕೆ ಹಿಂದಿನ ಸಂಜೆಯೇ ಅವನು ಹಾರಿಕೆಯ ಉತ್ತರ ಕೊಟ್ಟಿದ್ದ. ಬಸ್ಸಮ್ಮನಿಗೆ ತಡೆಯಲಾಗಲಿಲ್ಲ. ಊರುಗೋಲು ಎತ್ತಿಕೊಂಡು, ಕಂಕುಳು ಉರಿದರೆ ಉರಿಯಲಿ ಎಂದು ಅಂಗಳ ದಾಟಿ, ಕಾರ್ಖಾನೆಯ ಹೊಸ್ತಿಲೊಳಗೆ ಬಂದು ನಿಂತಳು.

ಒಳಗೆ ಒಂದು ಆರಾಮ ಕುರ್ಚಿ ಮುಕ್ಕಾಲು ಭಾಗ ಎದ್ದು ನಿಂತಿತ್ತು. ಅಗಲವಾದ ಕೈ, ಒರಗಲು ಬಾಗಿದ ಬೆನ್ನು, ಕಾಲು ಚಾಚಲು ಮುಂದೆ ಒಂದು ಹಲಗೆ.

"ಯಾರಿಗ್ರೀ ಇದು?"

"ನಿನಗೇ." ಅವನು ತಲೆ ಎತ್ತಲಿಲ್ಲ. "ಕಿಟಕಿ ಹತ್ರ ಹಾಕಿಕೊಡ್ತೀನಿ. ಆರಾಮಾಗಿ ಕೂತ್ಕೊ. ದುಡಿದದ್ದು ಸಾಕು. ಬಸ್ಸೂ ಬೇಡ ಗಿಸ್ಸೂ ಬೇಡ."

"ಸಾಕು ಅಂತ ನಾನು ಹೇಳಿದ್ನಾ?"

"ಬಾಯಿಬಿಟ್ಟು ಬೇರೆ ಹೇಳ್ಬೇಕಾ? ಕೋಲಿನ ರಬ್ಬರು ನೋಡಿದೀನಿ ಕಣೇ. ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇದೆ. ನೀನು ನಡೀತಾನೇ ಇಲ್ಲ. ಹೆದರಿಕೆ ಆಗಿರ್ಬೇಕು, ತಪ್ಪೇನಿಲ್ಲ. ನಾನು ಬಲವಂತ ಮಾಡಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮಮತೆಯಿತ್ತು. ಅದೇ ಅವಳಿಗೆ ಹೆಚ್ಚು ಭಯ ತಂದಿತು. ಸಿಟ್ಟಾಗಿದ್ದರೆ ಎದುರು ಮಾತಾಡಬಹುದಿತ್ತು. ಇಷ್ಟು ಪ್ರೀತಿಯಿಂದ ಮಾಡಿದ ಕುರ್ಚಿಯಲ್ಲಿ ಒಮ್ಮೆ ಕೂತರೆ ಮತ್ತೆ ಏಳಲಾರೆ ಎಂದು ಅವಳಿಗೆ ಅನ್ನಿಸಿತು. ಉರಿ ತಾಳಲಾರದೆ ಊರುಗೋಲುಗಳನ್ನು ಕಂಕುಳಿನಿಂದ ತೆಗೆದು ಮುಂದಕ್ಕೆ ಹಿಡಿದು, ಬೆನ್ನನ್ನು ಚೌಕಟ್ಟಿಗೆ ಒರಗಿಸಿ ನೆಟ್ಟಗೆ ನಿಂತಳು.

ಉತ್ತರ ಬರಲಿಲ್ಲವೆಂದು ಅವನು ತಲೆ ಎತ್ತಿದ. ಎತ್ತಿದವನು ಹಾಗೇ ಉಳಿದ. ಕಣ್ಣು ಅವಳ ಮುಖದ ಮೇಲಿರಲಿಲ್ಲ, ಅವಳ ತಲೆಯ ಮೇಲಿತ್ತು.

"ಚಪ್ಪಲಿ ಹಾಕಿಲ್ವೇನೇ?" ಎಂದ.

"ಹಾಕಿದೀನಲ್ಲ."

"ಸ್ವಲ್ಪ ನೆಟ್ಟಗೆ ನಿಲ್ಲು."

"ನೆಟ್ಟಗೇ ನಿಂತಿದೀನಿ."

ಅವನು ಉಳಿ ಕೆಳಗಿಟ್ಟು ಎದ್ದು ಬಂದ. ಅವಳ ಕೂದಲಿಗೂ ಆ ಹಳೆಯ ಗೀಟಿಗೂ ನಡುವೆ ಬರಿಯ ಮರ ಕಾಣುತ್ತಿತ್ತು. ಅಲ್ಲಿ ಬೆರಳಿಟ್ಟ. ಒಂದು ಬೆರಳು ಹಿಡಿಸಿತು. ಎರಡನೆಯದೂ ಹಿಡಿಸಿತು. ಆಮೇಲೆ ಅವನ ಕಣ್ಣು ಊರುಗೋಲುಗಳ ಮೇಲೆ ಹೋಯಿತು. ಇನ್ನು ಅವನಿಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ.

"ಯಾವತ್ತಿಂದ ನೋಯ್ತಿದೆ?"

"ಮೊದಲ ದಿನದಿಂದ."

"ಹೇಳೋದಲ್ವೇನೇ?"

"ದಾರ ಸುತ್ತಿದ್ರಲ್ಲ ನೀವು," ಎಂದಳು. ಅಷ್ಟು ಹೇಳುವಾಗಲೇ ಅಳು ಬಂತು. "ಹೇಗ್ರೀ ಹೇಳ್ಲಿ?"

ತನ್ನ ಕೆಲಸ ತಪ್ಪಿದ್ದಕ್ಕೆ ಅವನಿಗೆ ನಾಚಿಕೆಯಾಗಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ದಿನವೂ ಎದುರಿಗೇ ಓಡಾಡುತ್ತಿದ್ದವಳು ವಯಸ್ಸಾಗುತ್ತ ಎರಡು ಬೆರಳಿನಷ್ಟು ಕುಗ್ಗಿದ್ದು ತನ್ನ ಕಣ್ಣಿಗೆ ಬೀಳದೆ ಹೋಯಿತಲ್ಲ ಎಂಬುದು ಅವನ ಎದೆಗೆ ನಾಟಿತ್ತು. ಮರದ ಗಂಟು, ಬಿರುಕು, ಬಾಗು ಎಲ್ಲ ದೂರದಿಂದಲೇ ಹಿಡಿಯುವ ಕಣ್ಣು ಅದು.

"ಕೂತ್ಕೊ," ಎಂದ ಕೊನೆಗೆ. "ಕತ್ತರಿಸಿಕೊಡ್ತೀನಿ."

ಕೂರಲು ಬೇರೇನೂ ಇರಲಿಲ್ಲವಾಗಿ ಅವಳು ಆ ಮುಕ್ಕಾಲು ಕುರ್ಚಿಯಲ್ಲೇ ಕೂತಳು. ಈ ಸಲ ಅವನು ಚೌಕಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಅವಳನ್ನು ಮತ್ತೆ ಎಬ್ಬಿಸಿ, ಮೈಗೇ ಟೇಪು ಹಿಡಿದು, ಒಂದು ಸಲ ಅಳೆದು, ನಂಬಿಕೆ ಸಾಲದೆ ಇನ್ನೊಂದು ಸಲ ಅಳೆದು, ಕೆಳತುದಿಯಿಂದ ಗರಗಸ ಹಾಕಿದ. ಎರಡು ಪುಟ್ಟ ಮರದ ತುಂಡು ಹೊಟ್ಟಿನ ಮೇಲೆ ಬಿದ್ದವು. ರಬ್ಬರು ಸಿಕ್ಕಿಸಿ ಕೊಟ್ಟ. ಅವಳು ಕಂಕುಳಿಗೆ ಕೊಟ್ಟು ನಿಂತಳು. ಭಾರವೆಲ್ಲ ಅಂಗೈಗೆ ಇಳಿಯಿತು. ಅಂಗಳದಲ್ಲಿ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಮೂರನೆಯದಕ್ಕೆ ಗೇಟಿನ ಆಚೆ ಹೋಗಿ ಪಕ್ಕದ ಮನೆಯವಳನ್ನು ಮಾತಾಡಿಸಿಯೇ ಬಂದಳು.

"ಆ ಕುರ್ಚಿ ಏನ್ಮಾಡ್ತೀರಿ?"

"ಮಾರ್ತೀನಿ. ಕೂರೋಕೆ ಆಸೆ ಇರೋರು ಬೇಕಾದಷ್ಟು ಜನ ಇದಾರೆ."

"ಮೊದ್ಲು ನೀವೂ ಆ ಗೀಟಿಗೆ ನಿಂತ್ಕೊಳ್ಳಿ, ನೋಡೋಣ."

"ನನಗೇನಾಗಿದೆ?" ಎಂದು ಅವನು ಗಡಿಬಿಡಿಯಿಂದ ಹೊಟ್ಟು ಗುಡಿಸತೊಡಗಿದ.

ಅಂದಿನಿಂದ ಅವಳು ನಡೆದದ್ದೇ ನಡೆದದ್ದು. ಅಂಗಡಿಯವರೆಗೆ, ತಿರುವಿನವರೆಗೆ, ಬಸ್ಸು ನಿಲ್ಲಿಸಿದ್ದ ಶಾಲೆಯ ಗೇಟಿನವರೆಗೆ. ಊರುಗೋಲಿನ ರಬ್ಬರು ಸವೆದು ಮರ ನೆಲಕ್ಕೆ ತಾಗುವಂತಾಯಿತು. ತಾನು ಮಾಡಿದ ವಸ್ತುವೊಂದು ಸವೆದದ್ದನ್ನು ಕಂಡು ಬಡಗಿ ಖುಷಿಪಟ್ಟದ್ದು ಅದೇ ಮೊದಲು. ಕೀಲು ಸಡಿಲವಾಯಿತು. ವ್ಯಾಯಾಮದ ಹುಡುಗಿ ನಕ್ಕಳು. ಡಾಕ್ಟರು, "ಮೂಳೆ ಗಟ್ಟಿಯಾಗಿದೆ. ಇನ್ನು ಕೋಲು ಬಿಡಿ. ಬಿಟ್ಟು ನಿಂತು, ನಡೆದು ತೋರಿಸಿದ್ರೆ ಬಸ್ಸಿಗೆ ಒಪ್ಪಿಗೆ ಕೊಡ್ತೀನಿ" ಎಂದರು.

ಅದೊಂದು ಮಾತ್ರ ಆಗಲಿಲ್ಲ. ಮೂಳೆ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಕೋಲು ಪಕ್ಕಕ್ಕಿಟ್ಟೊಡನೆ ಆ ಕೊನೆಯ ಮೆಟ್ಟಿಲು ಕಣ್ಣಮುಂದೆ ಬಂದು, ಕೈ ತಾನಾಗಿ ಗೋಡೆ ಹುಡುಕುತ್ತಿತ್ತು. ದಿನವೂ ನಾಳೆ ನಾಳೆ ಎನ್ನುತ್ತ ರಜೆ ಕರಗುತ್ತಿತ್ತು. ಗಂಡ ಏನೂ ಹೇಳುತ್ತಿರಲಿಲ್ಲ. ಕುರ್ಚಿಯ ಮಾತನ್ನಂತೂ ಎತ್ತುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಕಾರ್ಖಾನೆಗೆ ಹೋದಾಗ ಅವನು ಚೌಕಟ್ಟಿನ ಬಳಿಯೇ ನಿಂತು ಬಾಗಿಲಿನ ತಿರುಗಣಿಗೆ ಎಣ್ಣೆ ಬಿಡುತ್ತಿದ್ದ. ಅವಳಿಗೆ ಹಳೆಯ ಬಾಕಿ ನೆನಪಾಯಿತು.

"ಇವತ್ತು ತಪ್ಪಿಸ್ಕೊಳ್ಳೋ ಹಾಗಿಲ್ಲ. ಬೆನ್ನು ಕೊಟ್ಟು ನಿಂತ್ಕೊಳ್ಳಿ."

"ಏ, ಕೆಲಸ ಇದೆ ಬಿಡೇ."

"ನಿಂತ್ಕೊಳ್ಳಿ ಅಂದ್ರೆ ನಿಂತ್ಕೊಳ್ಳಿ."

ನಿಂತ. ಕಳ್ಳ, ಹಿಮ್ಮಡಿ ಎತ್ತಿದ್ದ. "ಹಿಮ್ಮಡಿ ಕೆಳಗೆ," ಎಂದಳು. ಇಳಿಸಿದ. ಅವಳು ಕೆಲಸದ ಬೆಂಚಿನ ಮೇಲಿದ್ದ ಮಟ್ಟಪಟ್ಟಿ ತೆಗೆದುಕೊಂಡು ಅವನ ತಲೆಯ ಮೇಲೆ ಅಡ್ಡಲಾಗಿ ಇಟ್ಟಳು. ಅವನ ಕಿವಿಯ ಮೇಲಿದ್ದ ಪೆನ್ಸಿಲನ್ನು ಇನ್ನೊಂದು ಕೈಯಲ್ಲಿ ಎಳೆದುಕೊಂಡಳು. ಹಳೆಯ ಗೀಟಿನ ಕೆಳಗೆ ಹೊಸ ಗೀಟು ಬಿತ್ತು. ಅಂದು ಅವಳ ತಲೆ ಮುಟ್ಟಿದ್ದ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿತ್ತೋ ಏನೋ.

"ನೋಡಿದ್ರಾ? ನೀವೂ ಇಳಿದಿದೀರಿ," ಎಂದು ಅವಳು ಜೋರಾಗಿ ನಕ್ಕಳು.

ಅವನು ನಗಲಿಲ್ಲ. ಗೀಟನ್ನೂ ನೋಡಲಿಲ್ಲ. ಮೆಲ್ಲಗೆ, ಎಲ್ಲಿ ಬೆಚ್ಚಿಬೀಳುತ್ತಾಳೋ ಎಂಬ ಹಾಗೆ ಕೇಳಿದ: "ಕೋಲು ಎಲ್ಲಿಟ್ಟೆ?"

ಬಸ್ಸಮ್ಮ ತಿರುಗಿ ನೋಡಿದಳು. ಊರುಗೋಲುಗಳು ಬೆಂಚಿಗೆ ಒರಗಿದ್ದವು. ಬೆಂಚು ಕೋಣೆಯ ಆ ಕೊನೆಯಲ್ಲಿತ್ತು. ಅವಳು ಅಲ್ಲಿಂದ ಇಲ್ಲಿಯ ತನಕ ನಡೆದು ಬಂದು, ಎರಡು ಕೈಯಲ್ಲೂ ವಸ್ತು ಹಿಡಿದು, ಎರಡು ಕಾಲ ಮೇಲೆ ನಿಂತಿದ್ದಳು.

ಅವನು ಹಿಡಿದುಕೊಳ್ಳಲು ಕೈ ಚಾಚಿದ. "ಬೇಡಿ, ಮುಟ್ಟಬೇಡಿ," ಎಂದಳು. ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ಪೆನ್ಸಿಲನ್ನು ಅವನ ಕಿವಿಯ ಮೇಲೆ ವಾಪಸು ಸಿಕ್ಕಿಸಿ, ಊರುಗೋಲಿನ ಕಡೆ ಹೋಗದೆ, ಅಡುಗೆಮನೆಯಿಂದ ಎರಡು ಲೋಟ ಚಹಾ ತರಲು ಹೊರಟಳು.