ಹೊರಗೆ ನಿಂತವಳು

ಇದು ಸ್ಪಿರಿಟ್ಟಿನ ವಾಸನೆ, ಕಾರ್ಖಾನೆಯದಲ್ಲ, ಹತ್ತಿಯುಂಡೆ ಹಿಡಿದು ಈಗಷ್ಟೇ ದಾಟಿಹೋದ ನರ್ಸಮ್ಮನದು — ಆದರೂ ಮೂಗು ಬೆಚ್ಚುತ್ತದೆ, ಮನೆಯಲ್ಲಿ ಹಾಲು ಸೀದರೂ ಎಚ್ಚರಾಗದ ಮೂಗು, ಕಾರ್ಖಾನೆಯಲ್ಲಿ ಪೆಟ್ರೋಲಿನಂಥ ಆ ತಣ್ಣನೆಯ ಸಿಹಿ ಎಳೆಯೊಂದು ಸಿಕ್ಕರೆ ಸಾಕು, ಮೈಯೆಲ್ಲ ನೆಟ್ಟಗಾಗುತ್ತದೆ, ನನ್ನ ಬಟ್ಟೆಯಲ್ಲೇ ಇನ್ನೂ ಇದೆಯೋ ಏನೋ, ಸಾಲ್ವೆಂಟು, ಅದಿಲ್ಲದೆ ನಮ್ಮಲ್ಲಿ ಎಣ್ಣೆಯಿಲ್ಲ, ಹಿಂಡಿದಷ್ಟೂ ಬೀಜದೊಳಗೆ ಕಚ್ಚಿಕೊಂಡು ಕೂರುವ ಎಣ್ಣೆಯನ್ನು ಅದು ತೊಳೆದು ಹೊರಗೆ ತರುತ್ತದೆ, ಆಮೇಲೆ ಕಾಯಿಸಿದರೆ ತಾನು ಆವಿಯಾಗಿ ದೂರ ಸರಿಯುತ್ತದೆ, ಊಟಕ್ಕೆ ಕೂತವರಿಗೆ ಅಂಥದ್ದೊಂದು ಇತ್ತೆಂದೇ ತಿಳಿಯದು. ಬೆಂಚು ತಣ್ಣಗಿದೆ. ಕಾರಿಡಾರಿನ ಆ ತುದಿಯಲ್ಲಿ ನನ್ನ ಗಂಡ ಗೋಡೆಗೆ ಹಣೆ ಒತ್ತಿ ನಿಂತಿದ್ದಾರೆ, ಬಾಯ್ಲರಿನ ಮಸಿ ಕೋಟು ಬಿಚ್ಚಿಲ್ಲ, ನನ್ನ ಕಡೆ ತಿರುಗುತ್ತಿಲ್ಲ, ನಮ್ಮಿಬ್ಬರ ನಡುವೆ ಒಂದು ಮುಚ್ಚಿದ ಬಾಗಿಲು, ಅದರಾಚೆ ಬಿಳಿ ಬಟ್ಟೆಯಡಿ ಅವರ ತಮ್ಮ, ನನ್ನ ಮೈದುನ. ಡಾಕ್ಟರು ಹೊರಗೆ ಬಂದು, ಏನೂ ಮಾಡೋಕಾಗ್ಲಿಲ್ಲಮ್ಮ ಅಂದು ಹೋದದ್ದು ಆಗಲೇ. ಅತ್ತೆಯನ್ನು ಕರೆತರಲು ಯಾರೋ ಹೋಗಿದ್ದಾರೆ.

ಬೆಳಿಗ್ಗೆ ನಗುತ್ತಿದ್ದ. ಬಾಗಿಲಿಗೆ ತಲೆ ಬಡಿಸಿಕೊಳ್ಳುವಷ್ಟು ಉದ್ದದ ಆಳು, ಮನೆಯಲ್ಲಿ ಇನ್ನೂ ಸಣ್ಣೋನು. ಪ್ಲಾಂಟು ನಿಲ್ಲಿಸಿದ್ದೆವು, ಬೀಜ ತೊಳೆಯುವ ಆ ಉಕ್ಕಿನ ಕೋಣೆಯನ್ನು ಬರಿದು ಮಾಡಿ, ಹಬೆ ಹಾಯಿಸಿ, ಗಾಳಿ ಊದಿ, ಆವಿ ಅಳೆಯುವ ಮೀಟರು ಇಳಿಬಿಟ್ಟು ನೋಡಿ, ಸೊನ್ನೆ ಇದೆ ಇಳೀಬಹುದು ಅಂದ ಮೇಲೇ ಅವನು ಇಳಿದದ್ದು, ಒಳಗೋಡೆಗೆ ಮೆತ್ತಿದ ಹಿಂಡಿಯನ್ನು ಕೆರೆದು ತೆಗೆಯಬೇಕು, ಕಿಡಿ ಹಾರಬಾರದೆಂದು ಮರದ ಸಲಿಕೆ, ನಾನು ಮೇಲೆ, ಕೋಣೆಯ ಬಾಯಿಯ ಹತ್ತಿರ, ಅವನ ಸೊಂಟದ ಹಗ್ಗ ಹಿಡಿದು ಹೊರಗಾವಲು. ಅತ್ತಿಗೆ, ಒಳಗೆ ಬೆಚ್ಚಗಿದೆ, ಒಂದು ನಿದ್ದೆ ತೆಗೀತೀನಿ, ಊಟಕ್ಕೆ ಎಬ್ಬಿಸಿ. ಮಲಗು ಮಲಗು, ನಿನ್ನ ಬುತ್ತಿ ನಿಮ್ಮಣ್ಣನಿಗೆ ಕೊಡ್ತೀನಿ. ಅವನಾ, ಡಬ್ಬಿ ಸಮೇತ ನುಂಗ್ತಾನೆ. ಸಲಿಕೆಯ ಸದ್ದು, ಅದರ ಮೇಲೆ ಅವನ ಶಿಳ್ಳೆ, ಆಮೇಲೆ ಬರೀ ಸಲಿಕೆ, ಆಮೇಲೆ ಅದೂ ಇಲ್ಲ. ಸಣ್ಣೋನೇ. ಏಯ್, ತಮಾಷೆ ಸಾಕು. ಹಗ್ಗ ಎಳೆದೆ, ಹಗುರವಾಗಿ ಬಂತು, ಹಗ್ಗ ಹಾಗೆ ಹಗುರವಾಗಿ ಬರಬಾರದು, ತುದಿಯಲ್ಲಿ ಬರೀ ಕೊಕ್ಕೆ — ಮೂಲೆ ಎಟುಕಲಿಲ್ಲವೆಂದು ಬಿಚ್ಚಿಕೊಂಡಿದ್ದಾನೆ, ಎಷ್ಟು ಹೇಳಿದ್ದೆ, ಸಲಿಕೆಯೇಟಿಗೆ ಹಿಂಡಿಯ ಗಡ್ಡೆ ಬಿರಿದಿದೆ, ಅದರ ಹೊಟ್ಟೆಯಲ್ಲಿ ಅಡಗಿದ್ದ ಸಾಲ್ವೆಂಟು ಒಮ್ಮೆಲೇ ಆವಿಯಾಗಿದೆ, ಗಾಳಿಗಿಂತ ಭಾರ ಅದು, ಮೇಲೇಳುವುದಿಲ್ಲ, ತಳದಲ್ಲಿ ಕಾಣದ ನೀರಿನಂತೆ ತುಂಬುತ್ತದೆ. ಅಂಚಿಗೆ ಕಟ್ಟಿದ್ದ ಟಾರ್ಚನ್ನು ಕೆಳಕ್ಕೆ ತಿರುಗಿಸಿದೆ. ಬೆಳಕಿನ ಬಿಲ್ಲೆಯೊಳಗೆ ಬೂಟಿನ ಹಿಮ್ಮಡಿ, ಅಷ್ಟೇ, ಉಳಿದದ್ದೆಲ್ಲ ಕತ್ತಲು.

ಗಂಟೆ ಒತ್ತಿದೆ, ಗಂಟಲು ಹರಿಯುವಂತೆ ಕೂಗಿದೆ, ಮಾಸ್ಕು, ಸಿಲಿಂಡರು, ಬೇಗ — ಮಾಸ್ಕಿನವರು ಗೇಟಿನ ಕಡೆಯಿಂದ ಓಡಿಬರಬೇಕು, ಅವರಿಗಿಂತ ಮೊದಲು ಬಂದದ್ದು ಇವರು, ಏಣಿ ಹತ್ತಿ ಬರುವಾಗಲೇ ಕೋಟಿನ ಗುಂಡಿ ಬಿಚ್ಚುತ್ತಿದ್ದರು. ಸರಿ ಪಕ್ಕಕ್ಕೆ. ಬೇಡಾ ರೀ. ನನ್ನ ತಮ್ಮ ಕಣೇ. ಒಂದುಸಿರು ಎಳೆದ್ರೆ ನೀವೂ ಬೀಳ್ತೀರ. ಉಸಿರು ಬಿಗಿಹಿಡಿದು ಹೋಗಿ ಬರ್ತೀನಿ, ಬಿಡೇ. ತರಬೇತಿ ಕೊಟ್ಟವನು ನಮಗೆಲ್ಲ ಹೇಳಿದ್ದ, ಬಿದ್ದೋನ ಹಿಂದೆ ಪ್ರೀತಿ ಇರೋನು ಇಳೀತಾನೆ, ಆಮೇಲೆ ಇಬ್ರನ್ನೂ ಒಟ್ಟಿಗೇ ಎತ್ತುತ್ತೀವಿ ಅಂತ, ಆವತ್ತು ತಲೆಯಾಡಿಸಿ ಬಿಸ್ಕತ್ತು ತಿಂದಿದ್ದೆವು, ಇವರೂ ತಿಂದಿದ್ದರು. ಕೋಣೆಯ ಬಾಯಿಗೆ ಬೆನ್ನು ಕೊಟ್ಟು ಎರಡೂ ಬದಿಯ ಕಂಬಿ ಹಿಡಿದೆ. ತೋಳು ತಿರುಚಿದರು, ಜಡೆ ಹಿಡಿದು ಜಗ್ಗಿದರು, ಮದುವೆಯಾದಂದಿನಿಂದ ಗದರಿ ಮಾತಾಡದ ಮನುಷ್ಯ, ಕೊಲೆಗಾತಿ ಅಂದರು, ಏಣಿಯ ಕೆಳಗಿನಿಂದ ಫಿಟ್ಟರುಗಳು, ಬಿಡಮ್ಮಾ ಅವ್ರನ್ನ, ನೀನೂ ಒಂದು ಹೆಂಗಸೇನಮ್ಮಾ — ಆಗ ಒಂದು ಸಲ ಕತ್ತು ಹೊರಳಿಸಿ ಕೆಳಗೆ ನೋಡಿದೆ, ನೋಡಬಾರದಿತ್ತು, ಹಿಮ್ಮಡಿ ಅಲುಗಿತು. ಕಂಬಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದೆ. ಮಾಸ್ಕಿನವರು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒಳಗಿಳಿದರು, ಅವನನ್ನು ಮೇಲೆತ್ತಿದಾಗ ತುಟಿ ನೀಲಿ, ಹುಬ್ಬಿನ ತುಂಬ ಹಿಂಡಿಯ ಪುಡಿ.

ಇಳಿಯಲು ಬಿಟ್ಟಿದ್ದರೆ — ಇಲ್ಲ, ಎರಡು ಬಿಳಿ ಬಟ್ಟೆ ಇರುತ್ತಿತ್ತು, ಇಲ್ಲ, ಅವರು ಬಾಯ್ಲರಿನವರು, ಎದೆ ಗಟ್ಟಿ, ಒಂದು ವೇಳೆ — ಇಲ್ಲ. ಅತ್ತೆ ಬಂದರು, ಕಾಲಿಗೊಂದು ಬಗೆಯ ಚಪ್ಪಲಿ, ಬಾಗಿಲೊಳಗೆ ಹೋದರು, ಹೊರಗೆ ಬಂದು ನನ್ನ ಪಕ್ಕ ಕೂತರು, ನನ್ನ ತೋಳು ಎತ್ತಿ ನೋಡಿದರು. ಇದೇನೇ? ಇವರು ಹಿಡಿದು ಎಳೆದದ್ದು ಅತ್ತೆ. ಇಳೀತೀನಿ ಅಂದ್ನಾ? ಹೂಂ. ನೀನು ಬಿಡ್ಲಿಲ್ಲ. ಬಿಡ್ಲಿಲ್ಲ. ಹೆಬ್ಬೆರಳಿನಿಂದ ಆ ನೀಲಿ ಗುರುತನ್ನು ಒರೆಸುತ್ತಾರೆ, ಮಸಿಯೆಂದುಕೊಂಡರೇನೋ, ಒರೆಸುತ್ತಲೇ ಇದ್ದಾರೆ, ಬಾರೋ, ಬಾ ಇಲ್ಲಿ, ಅಮ್ಮನ ಹತ್ರ ಕೂತ್ಕೋ, ಇವರು ಗೋಡೆ ಬಿಟ್ಟು ಬಂದು ಅತ್ತೆಯ ಆ ಪಕ್ಕ ಕೂತರು, ಬೆಂಚು ಕಿರುಗುಟ್ಟಿತು, ಮೂವರ ಕಾಲುಗಳು ಒಂದೇ ಸಾಲಿನಲ್ಲಿ. ಅತ್ತೆ ನನ್ನ ಕಿವಿಯ ಹತ್ತಿರ ಬಂದು, ಆದರೂ ಇವರಿಗೆ ಕೇಳುವಷ್ಟು, ನೀನು ನೋಡ್ತಾ ಇದ್ಯಲ್ಲ, ಸಣ್ಣೋನು ಒದ್ದಾಡಿದ್ನೇನೇ? ಇವರು ತಲೆಯೆತ್ತಿದರು, ಆಗಿನಿಂದ ಮೊದಲ ಸಲ ನನ್ನ ಮುಖ ನೋಡುತ್ತಿದ್ದಾರೆ, ಕಣ್ಣು ಮಿಟುಕಿಸುತ್ತಿಲ್ಲ, ಇಲ್ಲ ಅತ್ತೆ ಅನ್ನಬೇಕು, ನಿದ್ದೆ ಬಂದ ಹಾಗೆ ಹೋದ ಅನ್ನಬೇಕು, ಬಾಯಿ ತೆರೆದಿದ್ದೇನೆ, ಇಲ್ಲ ಅನ್ನುವುದಕ್ಕೆ ಎಷ್ಟು ಹೊತ್ತು, ಬೆಳಕಿನ ಬಿಲ್ಲೆ, ಹಿಮ್ಮಡಿ, ಎಡಕ್ಕೆ ಒಂದಿಷ್ಟು, ಅಲುಗಿತು —