ಹಡಗು ಹತ್ತಿಸುವ ಅಜ್ಜಿ

ಒಂದು ವಿಮಾನ ಇಳಿದು ಇನ್ನೊಂದು ಹತ್ತುವ ನಡುವಿನ ಆರೇಳು ಗಂಟೆಯಲ್ಲಿ ಪನಾಮಾ ನೋಡಿ ಮುಗಿಸುತ್ತೇವೆ ಎಂದು ಬರುವವರನ್ನು ಕಂಡರೆ ಎದಿಲ್ಮಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಅನ್ನ ಹುಟ್ಟುತ್ತಿದ್ದದ್ದು ಅವರಿಂದಲೇ, ಅದು ಬೇರೆ ಮಾತು. ಅವರನ್ನು ತನ್ನ ವ್ಯಾನಿನಲ್ಲಿ ತುಂಬಿಕೊಂಡು ಕಾಲುವೆಯ ಬಳಿ ಕರೆದೊಯ್ಯಬೇಕು, ಕಟ್ಟೆಯಿಂದ ಕಟ್ಟೆಗೆ ನೀರು ತುಂಬಿದಂತೆ ಹಡಗುಗಳು ನೀರಿನ ಮೆಟ್ಟಿಲು ಹತ್ತುವುದನ್ನು ತೋರಿಸಬೇಕು, ಹಳೇ ಪೇಟೆಯಲ್ಲಿ ಒಂದು ಸುತ್ತು ಹಾಕಿಸಬೇಕು. ಇಕ್ವೆಡಾರಿನವರು ನೇಯ್ದ ಟೋಪಿಯನ್ನು ಪನಾಮಾ ಟೋಪಿ ಎಂದು ತಲೆಗೇರಿಸಿಕೊಂಡು ಅವರು ಹಲ್ಲು ಕಿರಿದರೆ ಬಾಯಿ ಮುಚ್ಚಿಕೊಂಡಿರಬೇಕು. ಈ ಕೊನೆಯದೇ ಅವಳಿಗೆ ಕಷ್ಟವಾಗುತ್ತಿತ್ತು.

ಬರುವ ಮೊದಲೇ ಪ್ರತಿಯೊಬ್ಬರಿಗೂ ಫೋನಿನಲ್ಲಿ ಮಂಗಳಾರತಿ ಎತ್ತುತ್ತಿದ್ದಳು. "ನೋಡಿ ಸ್ವಾಮಿ, ವಿಮಾನ ಇಳಿದ ತಕ್ಷಣ ಪನಾಮಾಕ್ಕೆ ಬಂದ್ವಿ ಅಂದ್ಕೋಬೇಡಿ. ಪಾಸ್‌ಪೋರ್ಟ್ ಸಾಲು ದಾಟೋವರೆಗೂ ನೀವು ಎಲ್ಲೂ ಇಲ್ಲ. ನಿಮ್ಮ ಹಿಂದೇನೇ ಇನ್ನೆರಡು ವಿಮಾನ ಇಳಿದ್ವೋ, ನಿಮ್ಮ ದಿನ ಮುಗೀತು. ಮಧ್ಯಾಹ್ನದೊಳಗೆ ಹೊರಗೆ ಬರಕ್ಕಾಗ್ಲಿಲ್ಲ ಅಂದ್ರೆ ತೆಪ್ಪಗೆ ವಾಪಸ್ ತಿರುಗಿ ಒಳಗೇ ಕೂತ್ಕೊಳ್ಳಿ. ದುಡ್ಡು ಬೇಕಾದ್ರೆ ವಾಪಸ್ ಕೊಡ್ತೀನಿ, ನಿಮ್ಮ ಅಳು ಕೇಳಕ್ಕೆ ನಂಗೆ ಪುರಸೊತ್ತಿಲ್ಲ."

ಒಬ್ಬನಾದರೂ ಕೇಳಬೇಕಲ್ಲ! ಒಬ್ಬ ಮಹಾಶಯ ಮೀನಿನೂಟಕ್ಕೆ ಒಂದೂವರೆ ಗಂಟೆ, ಪಾಸ್‌ಪೋರ್ಟಿಗೆ ಹತ್ತು ನಿಮಿಷ ಎಂದು ಲೆಕ್ಕ ಹಾಕಿಕೊಂಡು ಬಂದಿದ್ದ. ಅಂಥವರು ಬೆವತು, ಕೆದರಿದ ತಲೆಯಲ್ಲಿ ಹೊರಬಂದಾಗ ಎದಿಲ್ಮಾ ತುಟಿಯ ಎಡತುದಿಯನ್ನಷ್ಟೇ ಮೇಲೆತ್ತುತ್ತಿದ್ದಳು. ಆ ತುಟಿಗೆ ನಿಲ್ದಾಣದ ಚಾಲಕರೆಲ್ಲ ಹೆದರುತ್ತಿದ್ದರು.

ಈಗ ಅವಳ ಸ್ವಂತ ಮಗಳೇ ಅಂಥ ಅರೆದಿನದ ಗಿರಾಕಿಯಾಗಿ ಬರುವವಳಿದ್ದಳು. ಯಾರಿಯೆಲಾ ದೂರದ ದಕ್ಷಿಣದ ಬಂದರಿನ ಊರು ಮೊಂಟೆವಿಡಿಯೊಗೆ ಓದಲು ಹೋದವಳು ಅಲ್ಲೇ ಮದುವೆಯಾಗಿ ನಿಂತಿದ್ದಳು. ಈಗ ಗಂಡ, ಮಗುವಿನೊಂದಿಗೆ ಟೊರೊಂಟೊಗೆ ಮನೆ ಬದಲಾಯಿಸುತ್ತಿದ್ದಳು. ದಾರಿಯಲ್ಲಿ ಪನಾಮಾದಲ್ಲಿ ಬೆಳಿಗ್ಗೆ ಇಳಿದು ಮಧ್ಯಾಹ್ನ ದಾಟಿದ ಮೇಲೆ ಮುಂದಿನ ವಿಮಾನ. ಮಗುವಿನ ಹೆಸರು ಅಬ್ರಿಲ್, ಐದು ತುಂಬುತ್ತಾ ಬಂದಿತ್ತು. ಎದಿಲ್ಮಾ ಅವಳನ್ನು ಫೋನಿನಲ್ಲಿ ಬಿಟ್ಟು ಇನ್ನೆಲ್ಲೂ ಕಂಡವಳಲ್ಲ. ಅವಳಿಗೆ ಬೇಕಾದದ್ದು ಇಷ್ಟೇ: ಆ ಮಗು ಒಂದು ಸಲ ತನ್ನ ಮಡಿಲಲ್ಲಿ ಕೂತು, ಬಾಯಿತುಂಬ ಅಜ್ಜಿ ಎನ್ನಬೇಕು. ಟೊರೊಂಟೊ ಸೇರಿದ ಮೇಲೆ ಇನ್ನು ಯಾವ ಕಾಲಕ್ಕೋ.

ನಡುವೆ ಅಡ್ಡಗಾಲು ಹಾಕಿದವನು ಅಳಿಯ. ಮೊಂಟೆವಿಡಿಯೊದಲ್ಲಿ ಹುಟ್ಟಿ ವಾಷಿಂಗ್ಟನ್ ಎಂದು ಹೆಸರಿಟ್ಟುಕೊಂಡ ಭೂಪ! ಆ ಊರಿನ ಗಂಡಸರ ಹಾಗೆ ಹೊತ್ತು ಗೊತ್ತಿಲ್ಲದೆ ಸೊಪ್ಪಿನ ಕಷಾಯ ಹೀರುತ್ತ, ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಅವುಚಿಕೊಂಡೇ ತಿರುಗುವವನು. ಮದುವೆಯ ಫೋಟೋದಲ್ಲೂ ಅದು ಕಂಕುಳಲ್ಲೇ ಇತ್ತು. ಎದಿಲ್ಮಾ ಅವನ ಹೆಸರು ಹೇಳಿದವಳೇ ಅಲ್ಲ. ಕೇಳುವುದಿದ್ದರೆ "ನಿನ್ನ ಫ್ಲಾಸ್ಕ್ ಹೇಗಿದೆ?" ಎಂದು ಕೇಳುತ್ತಿದ್ದಳು.

"ಅಮ್ಮ, ಅವನು ಹಡಗು ನೋಡ್ಲೇಬೇಕು ಅಂತಿದಾನೆ," ಎಂದಿದ್ದಳು ಯಾರಿಯೆಲಾ, ಹೊರಡುವ ಹಿಂದಿನ ವಾರ.

"ಹಡಗಾ? ಬಂದರಿನ ಊರಲ್ಲಿ ಹುಟ್ಟಿದೋನು ಹಡಗು ನೋಡಿಲ್ವಾ? ಹಡಗೂ ಇಲ್ಲ, ಮಣ್ಣೂ ಇಲ್ಲ. ಕಾಲುವೆ ಊರಿನ ಆ ತುದಿ, ನಮ್ಮನೆ ವಿಮಾನ ನಿಲ್ದಾಣದ ಪಕ್ಕ. ಮನೆಗೆ ಬಂದು ಉಂಡು ಹೊರಡಿ. ನೀನೂ ಮಗೂನೂ ನಮ್ಮೂರವರ ಸಾಲಿಗೆ ಬನ್ನಿ, ಅಲ್ಲಿ ನೊಣ ಕೂಡ ಇರಲ್ಲ. ಮಗೂಗೆ ನಮ್ಮ ಪಾಸ್‌ಪೋರ್ಟ್ ಮಾಡ್ಸು ಅಂತ ನಾನು ಬೆನ್ನು ಹತ್ತಿದ್ದು ಇದಕ್ಕೇ. ನಿನ್ನ ಫ್ಲಾಸ್ಕು ಪರದೇಶದವರ ಸಾಲಲ್ಲಿ ಆರಾಮಾಗಿ ನಿಂತಿರ್ಲಿ."

ಯಾರಿಯೆಲಾ ಏನೂ ಹೇಳಿರಲಿಲ್ಲ. ಎದಿಲ್ಮಾ ಅದನ್ನು ಒಪ್ಪಿಗೆ ಎಂದುಕೊಂಡಳು.

ಆ ದಿನ ಅವಳು ನಸುಕಿಗೇ ಎದ್ದು ತೆಂಗಿನಹಾಲಿನಲ್ಲಿ ತೊಗರಿಕಾಳಿನ ಅನ್ನ ಮಾಡಿಟ್ಟಳು. ದಾರಿಯಲ್ಲಿ ಮಗುವಿಗೆ ಹಸಿವಾದೀತೆಂದು ಹಿಟ್ಟು ನಾದಿ ಕರಿದ ರೊಟ್ಟಿಗಳನ್ನು ಕಾಗದದಲ್ಲಿ ಸುತ್ತಿಕೊಂಡು ವಿಮಾನ ನಿಲ್ದಾಣಕ್ಕೆ ಬಂದು ನಿಂತಳು. ವಿಮಾನ ಇಳಿದಿತ್ತು. ಅದರ ಬೆನ್ನಿಗೇ ಇನ್ನೂ ಮೂರು ಇಳಿದವು. ಎದಿಲ್ಮಾ ನಕ್ಕಳು. ಅದು ಪರದೇಶದವರ ಗೋಳು, ತನ್ನವರಿಗೇನು!

ಗಂಟೆ ಕಳೆಯಿತು. ಇನ್ನೊಂದೂ ಕಳೆಯುತ್ತ ಬಂತು. ಫೋನು ಮಾಡಿದರೆ ಮಗಳು ಎತ್ತಲೊಲ್ಲಳು. ಹೆಸರಿನ ಹಲಗೆ ಹಿಡಿದು ನಿಂತಿದ್ದ ಚಾಲಕ ತುನ್ಯೋನ್ ಹತ್ತಿರ ಬಂದು ಮೂತಿ ತೂರಿಸಿದ.

"ಏನಕ್ಕಾ, ಇವತ್ತಿನ ಗಿರಾಕಿ ಭಾರಿ ಜೋರಿರೋ ಹಾಗಿದೆ. ರೊಟ್ಟಿ ಬೇರೆ ಕಟ್ಕೊಂಡು ಬಂದಿದೀಯ. ಮಧ್ಯಾಹ್ನದೊಳಗೆ ಬರ್ದಿದ್ರೆ ವಾಪಸ್ ಕಳಿಸ್ತೀಯಲ್ಲ, ನಿನ್ ಕಾನೂನು?"

"ನಿನ್ನ ಹಲಗೆ ತಲೆಕೆಳಗಾಗಿದೆ, ಮೊದ್ಲು ಅದನ್ನ ಸರಿ ಹಿಡ್ಕೋ."

ಮಧ್ಯಾಹ್ನಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಯಾರಿಯೆಲಾ ತಾನೇ ಫೋನು ಮಾಡಿದಳು. ಹಿಂದೆ ಜನರ ಗದ್ದಲ, ಮಗುವಿನ ಅಳು.

"ಅಮ್ಮ, ಸಾಲು ಕದಲ್ತಾನೇ ಇಲ್ಲ. ನಮ್ಮ ಮುಂದೆ ಇನ್ನೂ ನೂರಾರು ಜನ ಇದಾರೆ."

"ನಮ್ಮೂರವರ ಸಾಲಲ್ಲಿ ನೂರಾರು ಜನಾನಾ? ಹಬ್ಬ ಏನಾದ್ರೂ ಇದೆಯಾ ಅಲ್ಲಿ?"

"ನಾವು ಪರದೇಶದವರ ಸಾಲಲ್ಲೇ ಇದೀವಿ. ಮೂರೂ ಜನ."

ಎದಿಲ್ಮಾಳಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. "ಅಯ್ಯೋ ನಿನ್ನ ಬುದ್ಧಿಗಿಷ್ಟು! ಪಾಸ್‌ಪೋರ್ಟ್ ಕೈಲಿಟ್ಕೊಂಡು ಅಲ್ಲಿ ಯಾಕೆ ಸಾಯ್ತಿದೀಯೇ?"

"ಅವನನ್ನ ಬಿಟ್ಟು ಬರಲ್ಲ ಅಂತ," ಎಂದಳು ಯಾರಿಯೆಲಾ. "ಒಂದು ಸಲ ಅವನನ್ನ ನಿನ್ನ ಎದುರಿಗೆ ನಿಲ್ಲಿಸ್ಬೇಕಿತ್ತು. ಇಷ್ಟು ವರ್ಷದಲ್ಲಿ ಅವನ ಹೆಸರು ಹಿಡಿದು ಕರೆದಿದೀಯಾ ನೀನು? ನಾವಿಬ್ಬರೇ ಮೊದಲು ಬಂದ್ರೆ ನೀನು ನಮ್ಮನ್ನ ಎತ್ತಾಕ್ಕೊಂಡು ಮನೆಗೆ ಹೋಗ್ತಿದ್ದೆ. ಅವನು ಹೊರಗೆ ಬಂದು ಗೋಡೆ ನೋಡ್ಬೇಕಿತ್ತು. ಹೋಗ್ತಿರ್ಲಿಲ್ವಾ, ಹೇಳು?"

ಹೋಗುತ್ತಿದ್ದಳು. ಹಾಗೆಂದೇ ಯೋಜನೆ ಹಾಕಿದ್ದಳು.

"ಈಗ ನೀನೇ ಹೇಳು," ಎಂದಳು ಮಗಳು. "ಎಲ್ರಿಗೂ ಹೇಳ್ತೀಯಲ್ಲ. ನಿಂತಿರೋದಾ, ವಾಪಸ್ ಹೋಗೋದಾ?"

ಕಂಡಕಂಡವರಿಗೆಲ್ಲ ಸಲೀಸಾಗಿ ಕೊಡುತ್ತಿದ್ದ ಉತ್ತರವನ್ನು ಬಿಟ್ಟು ಎದಿಲ್ಮಾ ಗೋಡೆಯ ಗಡಿಯಾರ ನೋಡಿ ಉಳಿದ ನಿಮಿಷ ಎಣಿಸತೊಡಗಿದಳು. ಅಷ್ಟರಲ್ಲಿ ಫೋನು ಕೈ ಬದಲಾಯಿಸಿತು.

"ಅತ್ತೆ, ನಾನು ವಾಷಿಂಗ್ಟನ್. ಇವರಿಬ್ಬರನ್ನ ಆ ಕಡೆ ಸಾಲಿಗೆ ದಬ್ತಿದೀನಿ. ನಾನು ಒಳಗೇ ಇರ್ತೀನಿ. ಒಂದು ಗಂಟೆ ನಿಮ್ಗೆ ಸಿಗತ್ತೆ. ಆದ್ರೆ ಒಂದು ಹಡಗು ತೋರಿಸ್ಬಿಡಿ."

"ಇನ್ನೂ ಹಡಗಾ ನಿಂಗೆ! ಈ ಬುದ್ಧಿ ಎರಡು ಗಂಟೆ ಮುಂಚೆ ಬಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಎರಡು ಗಂಟೆಯಿಂದ ಅದನ್ನೇ ಹೇಳ್ತಿದೀನಿ ಅತ್ತೆ. ಇವಳು ಕೇಳ್ಬೇಕಲ್ಲ. ನಿಮ್ಮ ಮಗಳು ತಾನೇ?"

ಎದಿಲ್ಮಾ ಫೋನನ್ನು ಚೀಲಕ್ಕೆ ಹಾಕಿ ಹೊರಬರುವ ಬಾಗಿಲಿನ ಕಡೆ ನಡೆದಳು. ದಿನವನ್ನು ನುಂಗಿದ್ದು ಸಾಲಲ್ಲ, ತನ್ನ ನಾಲಿಗೆ ಎಂದು ಅವಳಿಗೆ ಆ ಕ್ಷಣ ಸ್ಪಷ್ಟವಾಗಿ ಗೊತ್ತಾಯಿತು.

ಸ್ವಲ್ಪ ಹೊತ್ತಿಗೇ ಅವರಿಬ್ಬರೂ ಹೊರಬಂದರು. ಮಗಳು ಅಪ್ಪಿಕೊಂಡಳು. ಅಬ್ರಿಲ್ ತಾಯಿಯ ಕಾಲ ಹಿಂದೆ ಅಡಗಿ ಎದಿಲ್ಮಾಳನ್ನು ಮೇಲಿಂದ ಕೆಳಗೆ ನೋಡಿದಳು.

"ಹಡಗು ಎಲ್ಲಿ?"

"ಮೊದ್ಲು ಮನೆಗೆ ಹೋಗೋಣ ಬಂಗಾರಿ. ಅನ್ನ ಇದೆ..."

"ಹಡಗು ಎಲ್ಲಿ?" ಮಗು ಕಾಲು ನೆಲಕ್ಕೆ ಅಪ್ಪಳಿಸಿತು.

"ಅಪ್ಪನ ಥರಾನೇ ಹಡಗಿನ ಹುಚ್ಚು!"

"ಹುಚ್ಚು ಅವನದಲ್ಲ ಅಮ್ಮ," ಎಂದಳು ಯಾರಿಯೆಲಾ ಮೆಲ್ಲಗೆ. "ನೀನು ಫೋನಲ್ಲಿ ಕೂಗಾಡ್ತಿದ್ರೆ ಇವಳು ಹೆದರೋಳು. ಈ ಅಜ್ಜಿ ಯಾಕೆ ಯಾವಾಗ್ಲೂ ಬೈತಾಳೆ ಅಂತ ಕೇಳೋಳು. ಅದಕ್ಕೆ ಅವನು, ಪಾಪ, ಅಜ್ಜಿ ದಿನವಿಡೀ ದೊಡ್ಡ ದೊಡ್ಡ ಹಡಗುಗಳನ್ನ ಮೆಟ್ಟಿಲು ಹತ್ತಿಸ್ತಾಳೆ, ಸುಸ್ತಾಗಿರತ್ತೆ, ಅದಕ್ಕೇ ಕೂಗ್ತಾಳೆ ಅಂತ ಕತೆ ಕಟ್ಟಿದಾನೆ. ಅವತ್ತಿಂದ ಇವಳಿಗೆ ಭಯ ಹೋಯ್ತು. ಊರಲ್ಲೆಲ್ಲ ಹೇಳ್ಕೊಂಡು ಬಂದಿದಾಳೆ."

ಎದಿಲ್ಮಾ ವ್ಯಾನಿನ ಬಾಗಿಲು ತೆರೆದಳು. ಆ ಫ್ಲಾಸ್ಕು, ತಾನು ಅಷ್ಟು ಆಡಿಕೊಂಡು ನಕ್ಕ ಆ ಪ್ರಾಣಿ, ತನ್ನ ಮರ್ಯಾದೆಯನ್ನು ಅಲ್ಲಿ ಕೂತು ಕಾಯ್ದಿತ್ತು! ಕಾಲುವೆಗೆ ಹೋಗಿಬರುವಷ್ಟು ಹೊತ್ತು ಈಗ ಇರಲಿಲ್ಲ. ಮನೆಗಾದರೆ ಇತ್ತು. ಮನೆಯಲ್ಲಿ ಅನ್ನ ಕಾಯುತ್ತಿತ್ತು, ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಲು ಅವಳು ಕನಸು ಕಂಡ ಕುರ್ಚಿಯೂ ಕಾಯುತ್ತಿತ್ತು. ಅವಳು ವ್ಯಾನನ್ನು ಸಮುದ್ರದ ಕಡೆ ತಿರುಗಿಸಿದಳು.

ದಂಡೆಯ ಗೋಡೆಯಾಚೆ, ಕಾಲುವೆಯೊಳಗೆ ಹೋಗಲು ಸರದಿಗೆ ಕಾಯುವ ಹಡಗುಗಳು ದೂರದ ನೀರಿನಲ್ಲಿ ಲಂಗರು ಹಾಕಿ ನಿಂತಿದ್ದವು. ಎದಿಲ್ಮಾ ಗೋಡೆಯ ಮೇಲೆ ಕೂತಳು.

"ಕಾಣಲ್ಲ," ಎಂದಿತು ಮಗು. ಆಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ಅವಳ ಮಡಿಲು ಹತ್ತಿ, ಹೆಗಲಿಗೆ ಕೈ ಊರಿ ನೋಡಿತು. ಎದಿಲ್ಮಾ ಅದರ ಸೊಂಟಕ್ಕೆ ಕೈ ಬಳಸಿದಳು.

"ಇವೆಲ್ಲ ನಿಂದಾ?"

"ನಂದೇ."

"ಸುಮ್ನೆ ನಿಂತಿವೆಯಲ್ಲ. ಹತ್ತಿಸು."

"ಈಗಾಗಲ್ಲ ಪುಟ್ಟಿ. ಸಾಲಲ್ಲಿ ನಿಂತಿವೆ. ಅವಕ್ಕೂ ಪಾಸ್‌ಪೋರ್ಟ್ ನೋಡ್ತಾರೆ."

ಮಗು ಹಡಗುಗಳನ್ನು ನೋಡಿತು, ಅಜ್ಜಿಯನ್ನು ನೋಡಿತು. ಆಮೇಲೆ ತುಟಿಯ ಎಡತುದಿ ಮಾತ್ರ ಮೆಲ್ಲಗೆ ಮೇಲೆದ್ದಿತು. "ಥೂ! ಮುಂಚೇನೇ ಎದ್ದು ಹತ್ತಿಸ್ಬಾರದಿತ್ತಾ?"

ಯಾರಿಯೆಲಾ ಬಾಯಿಗೆ ಕೈ ಅಡ್ಡ ಹಿಡಿದಳು. ಎದಿಲ್ಮಾ ಆ ಪುಟ್ಟ ತುಟಿಯನ್ನು ನೋಡುತ್ತಲೇ ಇದ್ದಳು, ಎಷ್ಟು ನೋಡಿದರೂ ಸಾಲದು ಎನ್ನುವ ಹಾಗೆ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಅವಳು ಕಾಗದದ ಪೊಟ್ಟಣವನ್ನು ಮಗಳ ಕೈಗೆ ತುರುಕಿದಳು. "ಇದು ವಾಷಿಂಗ್ಟನ್‌ಗೆ. ಬೆಳಿಗ್ಗೆಯಿಂದ ಬರೀ ಕಷಾಯದಲ್ಲೇ ಇರ್ತಾನೆ, ಕತ್ತೆ. ತಿನ್ನಕ್ಕೆ ಹೇಳು."

ಯಾರಿಯೆಲಾ ಆ ಹೆಸರನ್ನು ಕೇಳಿ ನಿಂತುಬಿಟ್ಟಳು. ಎದಿಲ್ಮಾ "ಹೋಗೇ, ಹೊತ್ತಾಯ್ತು" ಎಂದು ಗದರಿ ಅವಳ ಬೆನ್ನು ದೂಡಿದಳು.

ಅವರು ಜನರ ನಡುವೆ ಕರಗುತ್ತಿದ್ದಾಗ ಅಬ್ರಿಲ್ ತಾಯಿಯ ಕೈ ಜಗ್ಗಿ ಹಿಂದಕ್ಕೆ ತಿರುಗಿ, ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಕೂಗಿದಳು: "ಅಜ್ಜೀ! ಇವತ್ತು ನೀನು ಒಂದೂ ಹತ್ತಿಸ್ಲಿಲ್ಲ!"

ತುನ್ಯೋನ್ ಕಿಸಕ್ಕೆಂದ. "ಗಿರಾಕಿ ಉಗಿದು ಹೋದ್ಲಲ್ಲಕ್ಕಾ! ದುಡ್ಡು ವಾಪಸ್ ಕೊಟ್ಯಾ?"

"ಮುಚ್ಚೋ ಬಾಯಿ," ಎಂದಳು ಎದಿಲ್ಮಾ, ಕಣ್ಣೊರೆಸಿಕೊಳ್ಳುತ್ತ. "ಅವಳು ನನ್ನ ಏನಂತ ಕರೆದ್ಲು, ಅದು ಕೇಳಿಸ್ತಾ ನಿಂಗೆ?"